ಇದು ಯಾರ ನಾಯಿ?

2024ರ ಜುಲೈನಲ್ಲಿ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಬಳಿ ರಾತ್ರಿ ಹೊತ್ತು ಒಂದು ಕೊಲೆ ನಡೆಯಿತು. ದಾವಣಗೆರೆ ಪೊಲೀಸ್ ಶ್ವಾನದಳದ ತುಂಗಾ-2 ಸ್ಥಳಕ್ಕೆ ಬಂದು, ವಾಸನೆ ಹಿಡಿದು ಓಡತೊಡಗಿತು. ಸುಮಾರು ಎಂಟು ಕಿಲೋಮೀಟರ್ ದಾಟಿದ ಮೇಲೆ ಒಂದು ಮನೆಯ ಮುಂದೆ ನಿಂತಿತು. ಒಳಗಿನಿಂದ ಹೆಂಗಸಿನ ಕೂಗು ಕೇಳುತ್ತಿತ್ತು. ಕೊಲೆ ಆರೋಪಿ ಅಲ್ಲಿ ತನ್ನ ಹೆಂಡತಿಯನ್ನು ಸಾಯುವಂತೆ ಹೊಡೆಯುತ್ತಿದ್ದ. ಪೊಲೀಸರು ಒಳನುಗ್ಗಿ ಆಕೆಯನ್ನು ಬಿಡಿಸಿಕೊಂಡರು. ಆಗಿಹೋದ ಕೊಲೆಯ ಜಾಡು ಹಿಡಿದು ಹೊರಟ ನಾಯಿ, ಆಗಲಿದ್ದ ಇನ್ನೊಂದು ಸಾವನ್ನು ತಪ್ಪಿಸಿತು.

ಇದಕ್ಕೂ ಮೊದಲಿನ ತುಂಗಾಳನ್ನು ಜಿಲ್ಲೆಯ ಜನ ಮರೆತಿಲ್ಲ. ಅದು ಡಾಬರ್‌ಮನ್ ತಳಿಯ ಹೆಣ್ಣುನಾಯಿ. 2019ರಲ್ಲಿ ಸೂಳೆಕೆರೆ ಆಸುಪಾಸಿನ ಕೊಲೆ ಪ್ರಕರಣವೊಂದರಲ್ಲಿ ಸುಮಾರು 12 ಕಿಲೋಮೀಟರ್ ಓಡಿ ಆರೋಪಿಯ ಜಾಡು ತೋರಿಸಿದಾಗ ಅದರ ಸುದ್ದಿ ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ವಯಸ್ಸಾಗಿ 2022ರಲ್ಲಿ ತೀರಿಕೊಂಡಾಗ ಪೊಲೀಸ್ ಇಲಾಖೆ ಗೌರವ ಸಲ್ಲಿಸಿ ಅದನ್ನು ಮಣ್ಣಿಗೆ ಒಪ್ಪಿಸಿತು. ಬಳಿಕ ಬಂದ ನಾಯಿಗೂ ಅದೇ ಹೆಸರು ಮುಂದುವರಿಯಿತು.

ಇದೇ ದಾವಣಗೆರೆಯಲ್ಲಿ, 2025ರ ಏಪ್ರಿಲ್ ಕೊನೆಯಲ್ಲಿ ನಾಲ್ಕು ವರ್ಷದ ಬಾಲಕಿಯೊಬ್ಬಳ ಮೇಲೆ ಬೀದಿನಾಯಿ ಎರಗಿತು. ಸುಮಾರು ನಾಲ್ಕು ತಿಂಗಳು ನರಳಿದ ಮಗು ಆಗಸ್ಟ್‌ನಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿ ರೇಬಿಸ್‌ನಿಂದ ತೀರಿಕೊಂಡಿತು.

ಒಂದೇ ಊರಿನ ಈ ಎರಡು ನಾಯಿಗಳ ನಡುವಿನ ಅಂತರ ತಳಿಯದ್ದಲ್ಲ, ಸ್ವಭಾವದ್ದೂ ಅಲ್ಲ. ತುಂಗಾಗೆ ಲಸಿಕೆ ಹಾಕಿಸಿದ ದಿನ ಯಾವುದೋ ರಿಜಿಸ್ಟರಿನಲ್ಲಿ ಬರೆದಿರುತ್ತದೆ. ಅದರ ಊಟ, ತರಬೇತಿ, ಕಾಯಿಲೆ, ಮುಪ್ಪು ಎಲ್ಲಕ್ಕೂ ಉತ್ತರ ಹೇಳಬೇಕಾದ ಒಬ್ಬ ಮನುಷ್ಯನಿದ್ದಾನೆ. ಮಗುವನ್ನು ಕಚ್ಚಿದ ನಾಯಿಗೆ ಅಂಥವರು ಯಾರೂ ಇರಲಿಲ್ಲ. ನಾಯಿ ಕಚ್ಚಿದ ತಕ್ಷಣ ಬೀದಿಯಲ್ಲಿ ಏಳುವ ಮೊದಲ ಪ್ರಶ್ನೆ ‘ಇದು ಯಾರ ನಾಯಿ?’ ಎಂಬುದು. ದಿನಾ ಅದಕ್ಕೆ ಅನ್ನ ಹಾಕುವವರೂ ಆ ಹೊತ್ತಿಗೆ ಉತ್ತರ ಕೊಡುವುದಿಲ್ಲ. ನಾಯಿಗಳ ಬಗ್ಗೆ ಇಂದು ನಡೆದಿರುವ ಜಗಳವನ್ನು ಪ್ರೀತಿಸುವವರ ಮತ್ತು ದ್ವೇಷಿಸುವವರ ನಡುವಿನ ಜಗಳ ಎಂದು ನೋಡುವುದೇ ತಪ್ಪು. ಕೊರತೆ ಇರುವುದು ಪ್ರೀತಿಯದ್ದಲ್ಲ, ಹೊಣೆಯದ್ದು.

ಪ್ರೀತಿ ಎಷ್ಟಿದೆ ಎಂದು ನೋಡಲು ದಾವಣಗೆರೆಯ ವಿನೋಬನಗರದ ಯಾವುದೇ ಮೇನ್‌ನಲ್ಲಿ ಬೆಳಿಗ್ಗೆ ಅರ್ಧ ತಾಸು ಅಡ್ಡಾಡಿದರೆ ಸಾಕು. ಹಾಲು ತರಲು ಹೊರಟ ಹಿರಿಯರ ಹಿಂದೆ ಒಂದು ಕಂದು ನಾಯಿ ಅಂಗಡಿತನಕ ಹೋಗಿ, ಬಿಸ್ಕೆಟ್ ತಿಂದು, ಮನೆತನಕ ಬಿಟ್ಟು ಬರುತ್ತದೆ. ಗೇಟಿಗೆ ‘ನಾಯಿ ಇದೆ ಎಚ್ಚರಿಕೆ’ ಎಂಬ ಫಲಕ ತೂಗುಹಾಕಿದ ಮನೆಯ ನಾಯಿಯೇ ಬಂದವರ ಕಾಲಿಗೆ ಮೊದಲು ಸುತ್ತಿಕೊಳ್ಳುತ್ತದೆ. ‘ಏನೂ ಮಾಡಲ್ಲ, ಬರ್ರೀ’ ಎಂದು ಮನೆಯವರು ಒಳಗಿಂದಲೇ ಕೂಗುತ್ತಾರೆ. ಟಾಮಿ, ರಾಜಾ, ಕರಿಯ, ಪಿಂಕಿ, ರಾಕಿ ಎಂಬ ಹೆಸರುಗಳು ಒಂದೊಂದು ಕ್ರಾಸಿನಲ್ಲೂ ಕೇಳುತ್ತವೆ. ಸಾಕಿದ ನಾಯಿ ಯಾವುದು, ಬೀದಿಯದು ಯಾವುದು ಎಂಬ ಗೆರೆ ಇಲ್ಲಿ ಬಹಳ ತೆಳು. ಹಗಲು ಗೇಟಿನ ಹೊರಗೆ, ರಾತ್ರಿ ವರಾಂಡದಲ್ಲಿ, ಮಳೆ ಬಂದರೆ ಪಕ್ಕದ ಮನೆಯ ಕಾರಿನ ಕೆಳಗೆ ಇರುವ ನಾಯಿ ಮೂರು ಮನೆಗೂ ಸೇರಿದ್ದು, ಯಾರ ಹೆಸರಿನಲ್ಲೂ ಇಲ್ಲದ್ದು.

ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋದ ಮನೆಗಳಲ್ಲಿ ಇಬ್ಬರು ವಯಸ್ಸಾದವರು ಮತ್ತು ಒಂದು ನಾಯಿ ಇರುವುದು ಈಗ ಹೊಸತಲ್ಲ. ಅಂಥ ಮನೆಯಲ್ಲಿ ದಿನದ ವೇಳಾಪಟ್ಟಿ ನಡೆಸುವುದು ನಾಯಿಯೇ. ಆರು ಗಂಟೆಗೆ ಎಬ್ಬಿಸುತ್ತದೆ, ಸಂಜೆ ನಡೆಯಲು ಕರೆಯುತ್ತದೆ, ಫೋನಿನಲ್ಲಿ ಮಗನ ದನಿ ಕೇಳಿದರೆ ಕಿವಿ ನಿಮಿರಿಸುತ್ತದೆ. ಇದೆಲ್ಲ ಮನುಷ್ಯರ ಕಲ್ಪನೆ ಎಂದು ತಳ್ಳಿಹಾಕುವ ಕಾಲ ಹೋಯಿತು. 2015ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾಲಯದ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಯಿ ಮತ್ತು ಅದರ ಒಡೆಯ ಹೆಚ್ಚು ಹೊತ್ತು ಒಬ್ಬರನ್ನೊಬ್ಬರು ದಿಟ್ಟಿಸಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಹೆಚ್ಚುತ್ತದೆ. ತಾಯಿ ಮಗುವಿನ ಬಾಂಧವ್ಯದಲ್ಲಿ ಕೆಲಸ ಮಾಡುವ ಹಾರ್ಮೋನು ಅದೇ. ಕೈಯಲ್ಲೇ ಬೆಳೆಸಿದ ತೋಳಗಳಲ್ಲಿ ಇದು ಕಾಣಲಿಲ್ಲ. ಸಾವಿರಾರು ವರ್ಷ ಮನುಷ್ಯನ ಜೊತೆ ಬಾಳಿ ನಾಯಿ ಕಲಿತದ್ದು ಇದು.

ನಮ್ಮ ನಾಡಿನಲ್ಲಿ ಈ ನಂಟಿಗೆ ಕಲ್ಲಿನ ಸಾಕ್ಷಿಯೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949–50ರ ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿಯ ಕಥೆಯಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರನಿಗೆ ಏನು ಬೇಕೆಂದು ದೊರೆ ಕೇಳಿದಾಗ ಅವನು ಬೇಡಿದ್ದು ಆ ನಾಯಿಯನ್ನು. ಮುಂದೆ ಕಾಳಿ ದೊಡ್ಡದೊಂದು ಹಂದಿಯೊಡನೆ ಕಾದಾಡಿತು. ಎರಡೂ ಸತ್ತವು. ಮಣಲೆರ ಅದರ ನೆನಪಿಗೆ ಕಲ್ಲು ನಿಲ್ಲಿಸಿದ. ಅಷ್ಟಕ್ಕೇ ಬಿಡಲಿಲ್ಲ. ಆ ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟು, ಪೂಜೆ ಮಾಡದೆ ಉಂಡ ಪೂಜಾರಿ ಗೊರವನಿಗೆ ಪಾಪ ತಟ್ಟುತ್ತದೆ ಎಂದೂ ಬರೆಸಿದ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲನ್ನು ನಾಯಿಯ ನಿಷ್ಠೆಯ ಸ್ಮಾರಕವೆಂದೇ ಎಲ್ಲರೂ ಹೇಳುತ್ತಾರೆ. ಆದರೆ ಅದರಲ್ಲಿ ಒಡೆಯನ ನಿಷ್ಠೆಯೂ ಅಷ್ಟೇ ಇದೆ. ದುಃಖವನ್ನು ಅವನು ಕೆಲಸವಾಗಿ ಮಾರ್ಪಡಿಸಿದ. ಯಾರು, ಯಾವ ಭೂಮಿಯ ಉತ್ಪನ್ನದಲ್ಲಿ, ಏನು ಮಾಡಬೇಕು ಎಂಬುದನ್ನು ಗೊತ್ತುಪಡಿಸಿದ.

ಹರಿಹರದಿಂದ ತುಂಗಭದ್ರೆ ಹರಿಯುವ ದಿಕ್ಕಿನಲ್ಲೇ ಮುಂದೆ ಹೋದರೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಸಿಗುತ್ತದೆ. ಮೈಲಾರಲಿಂಗನ ಗೊರವಪ್ಪಗಳು ತಮ್ಮನ್ನು ದೇವರ ನಾಯಿಗಳೆಂದು ಕರೆದುಕೊಳ್ಳುತ್ತಾರೆ. ದೋಣಿ ಎಂಬ ಮರದ ಪಾತ್ರೆಗೆ ಬಾಯಿ ಹಾಕಿ ನಾಯಿಗಳ ಹಾಗೆಯೇ ಉಣ್ಣುತ್ತಾರೆ. ನಾಯಿ ಎಂಬುದು ಬೈಗುಳವೂ ಆಗಿರುವ ಸಮಾಜದಲ್ಲೇ ನಾಯಿಯಾಗುವುದು ಭಕ್ತಿಯೂ ಆಗಿದೆ. ಬೀದಿಯಲ್ಲಿ ಒಬ್ಬರು ಅನ್ನ ಹಾಕಿ, ಇನ್ನೊಬ್ಬರು ಕಲ್ಲು ಎಸೆಯುವ ನಡವಳಿಕೆಗೆ ಹಳೆಯ ಬೇರುಗಳಿವೆ.

ನಾಯಿ ಸಾಕಿದವರ ದುಃಖದ ಮಾತಿಗೆ ಬಂದರೆ, ಅದರಲ್ಲಿ ಒಂದು ಭಾಗವನ್ನು ಯಾರೂ ತಪ್ಪಿಸಲಾರರು. ಲ್ಯಾಬ್ರಡಾರ್ ಹತ್ತು ಹನ್ನೆರಡು ವರ್ಷ ಬದುಕುತ್ತದೆ. ಗ್ರೇಟ್ ಡೇನ್‌ನಂಥ ದೊಡ್ಡ ನಾಯಿಗಳು ಏಳೆಂಟು ವರ್ಷಕ್ಕೇ ಮುಗಿಸುತ್ತವೆ. ಒಂದನೇ ಕ್ಲಾಸಿನ ಹುಡುಗಿಗೆ ತಂದುಕೊಟ್ಟ ಮರಿ, ಅವಳು ಕಾಲೇಜು ಸೇರುವ ಹೊತ್ತಿಗೆ ಮೆಟ್ಟಿಲು ಹತ್ತಲಾರದ ಮುದಿನಾಯಿ. ಅದರ ಸಾವಿಗೆ ರಜೆಯಿಲ್ಲ, ಸೂತಕವಿಲ್ಲ, ಮಾತಾಡಿಸಲು ಬರುವ ನೆಂಟರಿಲ್ಲ. ‘ನಾಯಿ ತಾನೆ, ಇನ್ನೊಂದು ತಗೊಂಡ್ರಾಯ್ತು’ ಎನ್ನುವವರೇ ಹೆಚ್ಚು. 2022ರ ಜೂನ್‌ನಲ್ಲಿ ‘777 ಚಾರ್ಲಿ’ ಚಿತ್ರ ನೋಡಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಕಣ್ಣೀರಿಟ್ಟದ್ದು ಸುದ್ದಿಯಾಯಿತು. ಹಿಂದಿನ ವರ್ಷವಷ್ಟೇ ಅವರ ಮನೆಯ ನಾಯಿ ತೀರಿಕೊಂಡಿತ್ತು. ಮುಖ್ಯಮಂತ್ರಿಯೇ ಅತ್ತದ್ದು ಒಳ್ಳೆಯದಾಯಿತು. ನಾಯಿ ಸತ್ತಾಗ ಗಂಡಸರು ಬಚ್ಚಲಿಗೆ ಹೋಗಿ ಅಳುವ ನಾಡಿನಲ್ಲಿ ಆ ಅಳುವಿಗೆ ಒಂದಿಷ್ಟು ಮರ್ಯಾದೆ ಸಿಕ್ಕಿತು.

ಆದರೆ ನಮ್ಮಲ್ಲಿ ನಾಯಿಗಳಿಂದ ಬರುವ ಸಂಕಟದಲ್ಲಿ ಹೆಚ್ಚಿನ ಪಾಲು ಈ ಬಗೆಯದಲ್ಲ. ಅದು ತಪ್ಪಿಸಬಹುದಾದದ್ದು. ಪಶುವೈದ್ಯರ ಬಳಿಗೆ ರಕ್ತಭೇದಿಯಾಗಿ ಬರುವ ಮರಿಗಳಲ್ಲಿ ಅನೇಕಕ್ಕೆ ಪಾರ್ವೊ ವೈರಸ್ ತಗುಲಿರುತ್ತದೆ. 1978ರ ಸುಮಾರಿಗೆ ಕಾಣಿಸಿಕೊಂಡು ಒಂದೆರಡು ವರ್ಷದಲ್ಲಿ ಜಗತ್ತನ್ನೆಲ್ಲ ಸುತ್ತಿದ ರೋಗ ಇದು. ಮರಿಗೆ ಆರರಿಂದ ಎಂಟು ವಾರವಾದಾಗ ಲಸಿಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಹಾಕಿಸಿದರೆ ಬಹುಪಾಲು ತಪ್ಪುತ್ತದೆ. ಒಂದು ಡೋಸ್ ಹಾಕಿಸಿ ‘ಆಯ್ತಲ್ಲ’ ಎಂದು ಸುಮ್ಮನಾಗುವುದರಿಂದ ಎಷ್ಟೋ ಮರಿಗಳು ಸಾಯುತ್ತವೆ. ಉಣ್ಣಿಯಿಂದ ಬರುವ ಜ್ವರವೂ ಹೀಗೆಯೇ. ನಾಯಿ ಎರಡು ದಿನ ಊಟ ಬಿಟ್ಟಾಗ ‘ಬಿಸಿಲಿಗೆ ಹಂಗೇ’ ಎಂದು ಕಾಯುತ್ತಾರೆ. ರಕ್ತದ ಪ್ಲೇಟ್ಲೆಟ್ ಕುಸಿದ ಮೇಲೆ ಆಸ್ಪತ್ರೆಗೆ ಓಡುತ್ತಾರೆ. ಈರುಳ್ಳಿ ಬೆಂದ ಸಾರು ಕಲಸಿದ ಅನ್ನ, ಮಕ್ಕಳು ಪ್ರೀತಿಯಿಂದ ಕೊಡುವ ಚಾಕೊಲೇಟ್, ಒಣದ್ರಾಕ್ಷಿ, ಮನೆಯವರ ನೋವಿನ ಮಾತ್ರೆ ಇವೆಲ್ಲ ನಾಯಿಗೆ ವಿಷ. ಕೊಡುವವರಿಗೆ ಗೊತ್ತಿರುವುದಿಲ್ಲ ಅಷ್ಟೇ.

ಇನ್ನು ತಳಿಯ ಹುಚ್ಚು. ದಾವಣಗೆರೆಯ ಏಪ್ರಿಲ್ ಬಿಸಿಲು 38 ಡಿಗ್ರಿ ದಾಟುವುದು ಹೊಸದಲ್ಲ. ನಾಯಿ ಮೈಯಿಂದ ಬೆವರುವುದಿಲ್ಲ, ತೇಕಿಯೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಸೈಬೀರಿಯಾದ ಹಿಮಕ್ಕೆ ಹೊಂದಿಕೊಂಡ ಹಸ್ಕಿಯನ್ನು ಇಲ್ಲಿನ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ ಸಾಕುವುದು ಪ್ರೀತಿ ಹೇಗಾದೀತು? ಮೂಗು ಚಪ್ಪಟೆಯಾದ ಪಗ್‌ಗೆ ತೇಕುವುದೂ ಕಷ್ಟ. ನಾಯಿಯನ್ನು ಮರಿ ಹಾಕುವ ಯಂತ್ರ ಮಾಡಿಕೊಂಡವರ ಕ್ರೌರ್ಯವನ್ನೇ ‘777 ಚಾರ್ಲಿ’ ತೋರಿಸಿದ್ದು. ಅದನ್ನು ನೋಡಿ ಅತ್ತವರಲ್ಲಿ ಕೆಲವರು ಅದೇ ವಾರ ಲ್ಯಾಬ್ರಡಾರ್ ಮರಿಗೆ ಎಷ್ಟು ಬೆಲೆ ಎಂದು ವಿಚಾರಿಸಿದ್ದರೆ ಅಚ್ಚರಿಯಿಲ್ಲ. ನಾಯಿ ತಳಿ ಬೆಳೆಸುವವರು ನೋಂದಾಯಿಸಿಕೊಳ್ಳಬೇಕು ಎಂಬ ನಿಯಮ 2017ರಿಂದಲೇ ಇದೆ. ಮರಿ ಕೊಳ್ಳುವಾಗ ನೋಂದಣಿ ಪತ್ರ ಕೇಳುವ ರೂಢಿ ಮಾತ್ರ ಇನ್ನೂ ಬಂದಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ ನಮ್ಮ ಬಿಸಿಲಿನಲ್ಲೇ ಬೆಳೆದ ತಳಿ. ಅದರ ಚಿತ್ರದ ಅಂಚೆಚೀಟಿ 2005ರಲ್ಲಿ ಬಂತು, ಮೀರತ್‌ನ ಸೇನಾ ಕೇಂದ್ರದಲ್ಲಿ ಅದಕ್ಕೆ ತರಬೇತಿಯೂ ಆಯಿತು. ಆದರೆ ಅದೂ ಮೈಲುಗಟ್ಟಲೆ ಓಡಬೇಕಾದ ಬೇಟೆನಾಯಿ. ಮೂವತ್ತು ನಲವತ್ತರ ಸೈಟಿನಲ್ಲಿ ಸರಪಳಿ ಹಾಕಿ ಕಟ್ಟಿದರೆ ಅದಕ್ಕೆ ಹುಚ್ಚು ಹಿಡಿದಂತಾಗುತ್ತದೆ.

ಕೊಂಡ ನಾಯಿ ಬೇಡವಾದಾಗ ಏನಾಗುತ್ತದೆ ಎಂಬುದನ್ನು ದಾವಣಗೆರೆ ಅತ್ಯಂತ ಭಯಂಕರವಾಗಿ ಕಂಡಿತು. 2025ರ ಡಿಸೆಂಬರ್ ಮೊದಲ ವಾರ ತಾಲ್ಲೂಕಿನ ಹೊನ್ನೂರು ಗೊಲ್ಲರಹಟ್ಟಿ ಬಳಿ ಎರಡು ರಾಟ್‌ವೀಲರ್ ನಾಯಿಗಳು ಮಹಿಳೆಯೊಬ್ಬರನ್ನು ಕಚ್ಚಿ ಕೊಂದವು. ನಾಯಿಗಳನ್ನು ಅಲ್ಲಿಗೆ ತಂದು ಬಿಟ್ಟುಹೋದ ಆರೋಪದ ಮೇಲೆ ಮಾಲೀಕನನ್ನು ಪೊಲೀಸರು ಬಂಧಿಸಿದರು. ಇಂಥ ತಳಿಗಳನ್ನೇ ನಿಷೇಧಿಸಿ ಎಂಬ ಕೂಗು ಸಹಜವಾಗಿಯೇ ಎದ್ದಿತು. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ರಾಟ್‌ವೀಲರ್ ಸೇರಿ 23 ತಳಿಗಳ ಮೇಲೆ ನಿರ್ಬಂಧ ಹೇರುವಂತೆ ಸುತ್ತೋಲೆ ಹೊರಡಿಸಿತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಮಾಡಿತು. ತಳಿಯ ಪಟ್ಟಿಗಿಂತ ಮಾಲೀಕರ ಪಟ್ಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಯಾವ ಮನೆಯಲ್ಲಿ ಯಾವ ನಾಯಿ ಇದೆ, ಅದಕ್ಕೆ ಲಸಿಕೆ ಆಗಿದೆಯೇ, ಅದು ಸತ್ತಿತೋ ಮಾರಾಟವಾಯಿತೋ ಎಂಬ ಲೆಕ್ಕ ಪಾಲಿಕೆಯಲ್ಲಿದ್ದರೆ, ರಾತ್ರಿ ಆಟೊದಲ್ಲಿ ಸಾಗಿಸಿ ಊರಾಚೆ ಬಿಡುವ ಧೈರ್ಯ ಯಾರಿಗೂ ಸುಲಭಕ್ಕೆ ಬರಲಾರದು.

ಕಾನೂನಿನ ದೌರ್ಬಲ್ಯವೂ ಇಲ್ಲಿದೆ. ಸಾಕಿದ ಪ್ರಾಣಿ ಹಸಿವು ನೀರಡಿಕೆಯಿಂದ ನರಳುವಂತೆ ಅದನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಅರವತ್ತು ವರ್ಷಕ್ಕೂ ಹಿಂದಿನ ಈ ಮೊತ್ತ ಇಂದು ಒಂದು ಪ್ಲೇಟ್ ಬೆಣ್ಣೆದೋಸೆಗೂ ಸಾಲುವುದಿಲ್ಲ.

ಹೀಗೆ ಬಿಟ್ಟ ನಾಯಿಗಳೂ ಅವುಗಳ ಸಂತಾನವೂ ಸೇರುವುದು ಬೀದಿಗೆ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಬೀದಿನಾಯಿಗಳು 11 ಲಕ್ಷ ದಾಟಿದ್ದವು. ಹೆಣ್ಣುನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, ಗರ್ಭ ಸುಮಾರು 63 ದಿನ, ಒಂದು ಸೂಲಿಗೆ ನಾಲ್ಕೈದು ಮರಿ. ಅವುಗಳ ಪಾಡೇನು ಎಂಬುದನ್ನು ಕೋಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ (ಐಸರ್) ಸಂಶೋಧಕರು ವರ್ಷಗಟ್ಟಲೆ ಬೀದಿಯಲ್ಲೇ ನಿಂತು ನೋಡಿದ್ದಾರೆ. 2016ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿದ್ದ 364 ಮರಿಗಳಲ್ಲಿ ದೊಡ್ಡವಾಗುವತನಕ ಬದುಕಿದ್ದು ಸುಮಾರು ಶೇ 19 ಮಾತ್ರ. ಸಾವುಗಳಲ್ಲಿ ಅರ್ಧಕ್ಕೂ ಹೆಚ್ಚಿನವಕ್ಕೆ ಮನುಷ್ಯರೇ ಒಂದಲ್ಲ ಒಂದು ಬಗೆಯಲ್ಲಿ ಕಾರಣ. ದಿನಕ್ಕೊಂದು ಪ್ಯಾಕೆಟ್ ಬಿಸ್ಕೆಟ್ ಹಾಕಿ, ಸಂತಾನಹರಣ ಚಿಕಿತ್ಸೆಗೆ ‘ಪಾಪ, ಅದಕ್ಕೂ ಮಕ್ಕಳು ಬೇಡವಾ’ ಎನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಹುಟ್ಟುವ ಐದು ಮರಿಗಳಲ್ಲಿ ನಾಲ್ಕು ಚಕ್ರದಡಿ, ಚರಂಡಿಯಲ್ಲಿ, ರೋಗದಲ್ಲಿ ಸಾಯುವುದನ್ನು ತಡೆಯುವುದೇ ನಿಜವಾದ ಕರುಣೆ.

ಅನ್ನ ಹಾಕಬೇಡಿ ಎನ್ನುವುದು ಇದರ ಅರ್ಥವಲ್ಲ. ಹಸಿದ ನಾಯಿ ಹೆಚ್ಚು ಅಪಾಯಕಾರಿ, ದಿನಾ ಅನ್ನ ಹಾಕುವವರ ಕೈಗಷ್ಟೇ ಅದು ಲಸಿಕೆಗೂ ಸಿಗುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗೆ ಊಟ ಹಾಕುವ ಜಾಗವನ್ನು ಮಕ್ಕಳು ಆಡುವ ಕಡೆ, ಜನ ಹೆಚ್ಚು ಓಡಾಡುವ ಕಡೆ ಬಿಟ್ಟು ಗೊತ್ತುಪಡಿಸಬೇಕು ಎನ್ನುತ್ತವೆ. ಸಂತಾನಹರಣ ಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ ಹಿಡಿದಲ್ಲಿಗೇ ತಂದುಬಿಡುವುದು ಆ ನಿಯಮಗಳ ತಿರುಳು. 2025ರಲ್ಲಿ ಸುಪ್ರೀಂ ಕೋರ್ಟ್ ಇದೇ ವಿಷಯದಲ್ಲಿ ಮತ್ತೆ ಮತ್ತೆ ಆದೇಶ ಕೊಟ್ಟಿತು. ಆಗಸ್ಟ್ 11ರಂದು ದೆಹಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಕ್ಕೆ ಸಾಗಿಸಿ ಎಂದಿತು. 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಸಡಿಲಿಸಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಮರಳಿ ಅಲ್ಲೇ ಬಿಡಬಾರದು ಎಂದು ದೇಶಕ್ಕೆಲ್ಲ ಅನ್ವಯಿಸುವಂತೆ ಹೇಳಿತು. ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ನಾಯಿ ಮಲಗಬಾರದು ಎಂಬುದನ್ನು ನಾಯಿಪ್ರೇಮಿಗಳೂ ಒಪ್ಪಬೇಕು. ಆದರೆ ಹಿಡಿದ ನಾಯಿಗೆ ಜಾಗ, ಊಟ, ವೈದ್ಯರು ಇಲ್ಲದೆ ಆದೇಶ ಪಾಲಿಸಹೊರಟರೆ ಅದು ನಾಯಿಗಳನ್ನು ಒಂದು ಬಡಾವಣೆಯಿಂದ ಎತ್ತಿ ಇನ್ನೊಂದರ ಬಾಗಿಲಿಗೆ ಸುರಿಯುವ ಕೆಲಸವಾಗುತ್ತದೆ. ಮಟನ್ ಅಂಗಡಿಯ ಹಿಂದೆ ತ್ಯಾಜ್ಯ ಬೀಳುತ್ತಲೇ ಇದ್ದರೆ ಖಾಲಿಯಾದ ಜಾಗಕ್ಕೆ ಹೊಸ ನಾಯಿಗಳು ಬರುತ್ತವೆ. ಹಾಗೆ ಬಂದವಕ್ಕೆ ಲಸಿಕೆಯೂ ಆಗಿರುವುದಿಲ್ಲ.

ಊರಿನ ನಾಯಿಗಳಿಗೆ ಲಸಿಕೆ ಹಾಕುವುದು ಆಗುವ ಕೆಲಸವೇ ಎಂಬುದಕ್ಕೆ ಪಕ್ಕದ ಗೋವಾ ಸಾಕ್ಷಿ. ಅಲ್ಲಿ ಸರ್ಕಾರ ಮತ್ತು ಮಿಷನ್ ರೇಬಿಸ್ ಸಂಸ್ಥೆ ಸೇರಿ ಮನೆಮನೆ, ಬೀದಿಬೀದಿ ತಿರುಗಿ ನಾಯಿಗಳಿಗೆ ಲಸಿಕೆ ಹಾಕಿದವು, ಶಾಲೆಗಳಲ್ಲಿ ಮಕ್ಕಳಿಗೆ ತಿಳಿಹೇಳಿದವು. 2018ರಿಂದ ಕೆಲವು ವರ್ಷ ಅಲ್ಲಿ ರೇಬಿಸ್‌ನಿಂದ ಒಬ್ಬ ಮನುಷ್ಯನೂ ಸಾಯಲಿಲ್ಲ. ಒಂದು ಊರಿನ ನಾಯಿಗಳಲ್ಲಿ ಶೇ 70ಕ್ಕೆ ಲಸಿಕೆಯಾದರೆ ರೋಗ ಹರಡುವ ಸರಪಳಿ ಕಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಎಲ್ಲ ನಾಯಿಗಳನ್ನೂ ಹಿಡಿಯಬೇಕಾಗಿಲ್ಲ, ಹತ್ತರಲ್ಲಿ ಏಳು ಸಾಕು. ಆ ಏಳನ್ನು ಗುರುತಿಸಿ ಹಿಡಿದುಕೊಡಬಲ್ಲವರು ಅನ್ನ ಹಾಕುವವರೇ. ವಿನೋಬನಗರದ ಒಂದೊಂದು ಕ್ರಾಸಿನ ನಾಯಿಗಳ ಪಟ್ಟಿ ಪಾಲಿಕೆಯ ಬಳಿ ಇಲ್ಲದಿದ್ದರೂ ಅಲ್ಲಿನ ಮಕ್ಕಳಿಗೆ ಬಾಯಿಪಾಠವಾಗಿರುತ್ತದೆ.

ಕಚ್ಚಿದ ಮೇಲಿನ ಮಾತನ್ನೂ ಬಿಡುವಂತಿಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಸಾವು ಹೆಚ್ಚುಕಡಿಮೆ ಖಚಿತ. ಅದಕ್ಕೆ ಮೊದಲು ಚಿಕಿತ್ಸೆಯಾದರೆ ಬದುಕು ಅಷ್ಟೇ ಖಚಿತ ಎನ್ನಬಹುದು. ಹಳಬರಿಗೆ ಹೊಕ್ಕುಳ ಸುತ್ತ ಹಾಕುತ್ತಿದ್ದ ಹದಿನಾಲ್ಕು ಇಂಜೆಕ್ಷನ್‌ಗಳ ಭಯ ಇನ್ನೂ ಇದೆ. ಆ ಲಸಿಕೆ ಬಳಕೆ ತಪ್ಪಿ ಇಪ್ಪತ್ತು ವರ್ಷವಾಯಿತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ತೋಳಿಗೇ ಹಾಕುತ್ತಾರೆ: ಮೊದಲ ದಿನ, ಅಲ್ಲಿಂದ 3, 7 ಮತ್ತು 28ನೇ ದಿನ. ಅರಿಶಿನ, ಸುಣ್ಣ, ಖಾರದಪುಡಿ ಮೆತ್ತದೆ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಚರ್ಮ ಸೀಳಿ ರಕ್ತ ಬರುವಂತೆ ಎಲ್ಲಿ ಕಚ್ಚಿದ್ದರೂ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಹಾಕಿಸಬೇಕು. ಮುಖ, ಕತ್ತು, ಕೈಗೆ ಕಚ್ಚಿದ್ದರೆ ವೈರಸ್ ಮಿದುಳಿಗೆ ಬೇಗ ತಲುಪುತ್ತದೆ. ಮಕ್ಕಳು ಗಿಡ್ಡ, ನಾಯಿಯ ಬಾಯಿಗೆ ಅವರ ಮುಖವೇ ಎದುರು. ಅದಕ್ಕೇ ಮಕ್ಕಳ ವಿಷಯದಲ್ಲಿ ಒಂದು ತಾಸೂ ತಡಮಾಡಬಾರದು. ಸಾಕಿದ ಮರಿ ಆಡುತ್ತ ಹಲ್ಲು ತಾಗಿಸಿದರೂ, ಅದಕ್ಕೆ ಲಸಿಕೆ ಆಗಿಲ್ಲದಿದ್ದರೆ, ಇದೇ ನಿಯಮ. ‘ನಮ್ಮ ಮನೇದೇ ನಾಯಿ’ ಎಂಬ ಧೈರ್ಯಕ್ಕೆ ಜೀವ ತೆತ್ತವರಿದ್ದಾರೆ.

ನಾಯಿ ಕಳೆದುಕೊಂಡ ಮನೆಗಳಲ್ಲಿ ‘ಇನ್ನು ನಾಯಿ ಬೇಡಪ್ಪ, ಈ ಸಂಕಟ ಸಾಕು’ ಎಂಬ ಮಾತು ಬರುತ್ತದೆ. ಮುದಿನಾಯಿಯನ್ನು ಎತ್ತಿ ಹೊರಗೆ ಕರೆದೊಯ್ದವರು, ರಾತ್ರಿಯೆಲ್ಲ ಪಕ್ಕದಲ್ಲಿ ಕುಳಿತು ಗ್ಲೂಕೋಸ್ ಬಾಟಲಿ ಹಿಡಿದವರು ಹೀಗೆ ಹೇಳಿದರೆ ಅರ್ಥವಾಗುತ್ತದೆ. ಆದರೆ ನಾಯಿ ಸಾಕಲು ನಿಜಕ್ಕೂ ತಕ್ಕವರು ಅವರೇ. ಮರಿಯ ಮುದ್ದನ್ನಷ್ಟೇ ಅಲ್ಲ, ಮುಪ್ಪಿನ ವಾಸನೆಯನ್ನೂ ಕಂಡವರು ಅವರು. ಅವರು ಮತ್ತೆ ಸಾಕುವುದಾದರೆ ಸಾವಿರಾರು ರೂಪಾಯಿ ಕೊಟ್ಟು ತಳಿ ಹುಡುಕಬೇಕಿಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ಅವರದೇ ಬೀದಿಯ ಕಟ್ಟುವ ಮನೆಯ ಮರಳಿನ ಗುಡ್ಡೆಯಲ್ಲಿ ಮರಿಗಳು ಇರುತ್ತವೆ. ಎಪ್ಪತ್ತು ದಾಟಿದವರಾದರೆ, ತಮಗೆ ಆಸ್ಪತ್ರೆ ಸೇರುವ ಹೊತ್ತು ಬಂದಾಗ ನಾಯಿಯನ್ನು ನೋಡಿಕೊಳ್ಳುವವರು ಯಾರು ಎಂದು ಮಕ್ಕಳೊಡನೆಯೋ ಪಕ್ಕದ ಮನೆಯವರೊಡನೆಯೋ ಮೊದಲೇ ಮಾತಾಡಿಕೊಂಡಿರಬೇಕು. ತಾಯಿಯ ಹಾಲು ಬಿಡುವತನಕ ಮರಿಯನ್ನು ಅಗಲಿಸಬಾರದು. ಎರಡು ತಿಂಗಳಿಗೆ ಪಾರ್ವೊ ಲಸಿಕೆಯ ಸರಣಿ, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದ ವಯಸ್ಸಿಗೆ ಸಂತಾನಹರಣ ಚಿಕಿತ್ಸೆ. ಆ ಮರಿಯ ತಾಯಿಗೂ ಅದೇ ವಾರ ಚಿಕಿತ್ಸೆ ಮಾಡಿಸಿದರೆ ಮುಂದಿನ ಮಳೆಗಾಲಕ್ಕೆ ಆ ಮರಳಿನ ಗುಡ್ಡೆಯಲ್ಲಿ ಅದರ ಮರಿಗಳು ಇರುವುದಿಲ್ಲ.